ಕಣ್ಣಿಲ್ಲದ ಕೆತ್ತನೆಗಾರ

ಸಾಮಾನ್ಯ ಸ್ಟೆಪರ್ ಮೋಟರು ಒಂದು ಸುತ್ತು ಪೂರ್ತಿ ತಿರುಗಬೇಕಾದರೆ 200 ಹೆಜ್ಜೆ ಇಡಬೇಕು. ಒಂದು ಹೆಜ್ಜೆಗೆ 1.8 ಡಿಗ್ರಿ. ಒಂದು ಸಂಕೇತ ಬಂದರೆ ಒಂದು ಹೆಜ್ಜೆ, ನೂರು ಬಂದರೆ ಅರ್ಧ ಸುತ್ತು. ಹೆಜ್ಜೆಯನ್ನು ನಿಜಕ್ಕೂ ಇಟ್ಟಿತೋ ಇಲ್ಲವೋ, ಮರದ ಗಂಟಿಗೆ ಸಿಕ್ಕಿಕೊಂಡು ಇದ್ದಲ್ಲೇ ನಡುಗಿ ನಿಂತಿತೋ ಎಂದು ವಿಚಾರಿಸುವವರು ಯಾರೂ ಇಲ್ಲ. ಕಿಟ್ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಅಗ್ಗದ ಸಿಎನ್‌ಸಿ (ಗಣಕ ನಿಯಂತ್ರಿತ) ರೂಟರುಗಳು ಬಹುತೇಕ ಈ ಕುರುಡು ನಂಬಿಕೆಯ ಮೇಲೇ ನಡೆಯುತ್ತವೆ. ತಾನು ಎಲ್ಲಿದ್ದೇನೆಂದು ಈ ಯಂತ್ರ ನೋಡುವುದಿಲ್ಲ, ಎಣಿಸುತ್ತದೆ ಅಷ್ಟೆ. ಎಣಿಕೆಯೂ ವಾಸ್ತವವೂ ಒಂದೇ ಆಗಿರುವಂತೆ ನೋಡಿಕೊಳ್ಳುವ ಹೊಣೆ ಕಟ್ಟಿದವರದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸ್ಪ್ಯಾನರ್ ಹಿಡಿಯುವ ಕೈ ತಾನಾಗಿ ನಿಧಾನವಾಗುತ್ತದೆ.

ಯಂತ್ರದ ರಚನೆಯಲ್ಲಿ ಗುಟ್ಟೇನೂ ಇಲ್ಲ. ಬಡಗಿಗಳು ಎರಡು ಕೈಯಲ್ಲೂ ಹಿಡಿದು ಬಾಗಿಲ ಅಂಚಿಗೆ ಬಳ್ಳಿ, ಗೆರೆ ಕೊರೆಯುವ ರೂಟರನ್ನು ಹಲವರು ನೋಡಿರುತ್ತಾರೆ. ಅದನ್ನು ಕೈಯಿಂದ ಬಿಡಿಸಿ ಹಳಿಗಳ ಮೇಲೆ ಕೂರಿಸಬೇಕು. ಎಡಬಲಕ್ಕೆ ಎಕ್ಸ್, ಹಿಂದೆ ಮುಂದಕ್ಕೆ ವೈ, ಮೇಲೆ ಕೆಳಗೆ ಝಡ್. ಒಂದೊಂದು ದಿಕ್ಕಿಗೂ ಒಂದು ಮೋಟರು ಮತ್ತು ಅದು ತಿರುಗಿಸುವ ಒಂದು ತಿರುಪಿನ ಸರಳು. ಹವ್ಯಾಸಿಗಳ ನಡುವೆ ಬಹಳ ಬಳಕೆಯಲ್ಲಿರುವುದು ‘3018’ ಎಂಬ ಮಾದರಿ. 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಕೆತ್ತನೆಯ ಜಾಗ ಇರುವುದರಿಂದ ಆ ಹೆಸರು. ಪೆಟ್ಟಿಗೆ ಬಿಚ್ಚಿದರೆ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ತುಂಡುಗಳು, ನುಣುಪಾದ ಉಕ್ಕಿನ ಸರಳುಗಳು, ಬೇಕಲೈಟ್ ಫಲಕಗಳು, ಕೈಮುಷ್ಟಿ ಗಾತ್ರದ ಮೂರು ಮೋಟರು, ಒಂದು ನಿಯಂತ್ರಣ ಬೋರ್ಡು, ಪುಟ್ಟ ಪೊಟ್ಟಣಗಳಲ್ಲಿ ಬೋಲ್ಟು ನಟ್ಟು. ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಇಷ್ಟೆಲ್ಲ ಸಿಗುವ ಕಾಲ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ಹಿಂದೆ ಹೋಗಿ ನೋಡಬೇಕು.

1940ರ ದಶಕದ ಕೊನೆಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಹೆಲಿಕಾಪ್ಟರ್ ರೆಕ್ಕೆಗಳನ್ನು ಮಾಡುತ್ತಿದ್ದ. ರೆಕ್ಕೆಯ ಬಾಗು ಪರೀಕ್ಷಿಸಲು ನಿಖರವಾದ ಅಚ್ಚು ಬೇಕಿತ್ತು. ಅವನ ಎಂಜಿನಿಯರ್ ಫ್ರಾಂಕ್ ಸ್ಟೂಲನ್, ಪಂಚ್ ಕಾರ್ಡ್ ಗಣಕಗಳಲ್ಲಿ ಆ ಬಾಗಿನ ಮೇಲಿನ ಬಿಂದುಗಳನ್ನು ಲೆಕ್ಕ ಹಾಕಿಸಿದ. ಯಂತ್ರದ ಪಕ್ಕ ನಿಂತ ಒಬ್ಬ ಪಟ್ಟಿಯಿಂದ ಅಂಕಿ ಓದುತ್ತಿದ್ದ, ಇನ್ನಿಬ್ಬರು ತಮ್ಮ ತಮ್ಮ ಹಿಡಿಕೆಯನ್ನು ಅಷ್ಟಷ್ಟೇ ತಿರುಗಿಸುತ್ತಿದ್ದರು. ಓದುವವನೂ ತಿರುಗಿಸುವವರೂ ಇಲ್ಲದೆ ಅಂಕಿಗಳೇ ನೇರವಾಗಿ ಯಂತ್ರಕ್ಕೆ ಹೋದರೆ? ಅಮೆರಿಕದ ವಾಯುಪಡೆ ಹಣ ಕೊಟ್ಟಿತು. ಎಂಐಟಿಯ ಸರ್ವೋಮೆಕ್ಯಾನಿಸಂ ಪ್ರಯೋಗಾಲಯ 1952ರಲ್ಲಿ ತೂತು ಹೊಡೆದ ಕಾಗದದ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಜನರೆದುರು ಓಡಿಸಿ ತೋರಿಸಿತು. ಅದರ ನಿಯಂತ್ರಣಕ್ಕೆ ಬೇಕಾದ ನಿರ್ವಾತ ಕೊಳವೆಗಳೇ ನೂರಾರು.

ಆ ಯಂತ್ರಕ್ಕೆ ಕಣ್ಣಿತ್ತು. ಹೇಳಿದಷ್ಟು ಸರಿಯಿತೋ ಇಲ್ಲವೋ ಎಂದು ಅಳೆದು ತಿಳಿದು, ತಪ್ಪಿದ್ದರೆ ತಿದ್ದಿಕೊಳ್ಳುವ ವ್ಯವಸ್ಥೆ ಅದರಲ್ಲಿತ್ತು. ಇಂದಿನ ಕೈಗಾರಿಕಾ ಯಂತ್ರಗಳಿಗೂ ಅದು ಇದೆ. ಬೆಂಗಳೂರಿನವರಿಗೆ ಇಂಥ ಯಂತ್ರಗಳು ದೂರದವೇನಲ್ಲ. 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರು ಇದು. ಯಂತ್ರೋಪಕರಣಗಳ ಸಂಶೋಧನೆಗೆಂದೇ 1962ರಲ್ಲಿ ಸಿಎಂಟಿಐ ಆರಂಭವಾದದ್ದೂ ಇಲ್ಲೇ. ಪೀಣ್ಯದ ಶೆಡ್ಡುಗಳಲ್ಲಿ ಲೋಹ ಕಡಿಯುವ ಯಂತ್ರಗಳು ಟನ್ನುಗಟ್ಟಲೆ ತೂಗುತ್ತವೆ. ಅವುಗಳ ಸರ್ವೋ ಮೋಟರಿನ ಬೆನ್ನಿಗೆ ಎನ್‌ಕೋಡರ್ ಕೂತು ಪ್ರತಿ ಕ್ಷಣವೂ ಸ್ಥಾನವನ್ನು ವರದಿ ಮಾಡುತ್ತಿರುತ್ತದೆ. ಹವ್ಯಾಸಿಯ ಮೇಜಿಗೆ ಯಂತ್ರ ಇಳಿದು ಬರುವಾಗ ತೂಕವೂ ಬಿಟ್ಟುಹೋಯಿತು, ಕಣ್ಣೂ ಬಿಟ್ಟುಹೋಯಿತು.

ಉಳಿದದ್ದು ಬುದ್ಧಿ. ಅದೂ ಬಹಳ ಕಡಿಮೆ ಜಾಗದಲ್ಲಿ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಎಂಬಾತ ಜಿಆರ್‌ಬಿಎಲ್ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ. ನಂತರ ಅದನ್ನು ವರ್ಷಗಟ್ಟಲೆ ತಿದ್ದಿ ಬೆಳೆಸಿದವನು ಸಂಗ್‌ಯುನ್ ಜಿಯಾನ್. ಅದು ನಡೆಯುವ ಆರ್ಡುಯಿನೊ ಬೋರ್ಡಿನ ಚಿಪ್‌ನಲ್ಲಿ ತಂತ್ರಾಂಶಕ್ಕೆ ಇರುವ ಜಾಗ 32 ಕಿಲೋಬೈಟ್, ಕೆಲಸ ಮಾಡುತ್ತಲೇ ನೆನಪಿಟ್ಟುಕೊಳ್ಳಲು ಇರುವುದು 2 ಕಿಲೋಬೈಟ್. ನಾವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಒಂದು ಫೋಟೊ ಇದರೊಳಗೆ ಹಿಡಿಸುವುದಿಲ್ಲ. ಅಷ್ಟರಲ್ಲೇ ಈ ತಂತ್ರಾಂಶ ಮುಂದಿನ ಹತ್ತಾರು ಸಾಲುಗಳನ್ನು ಮೊದಲೇ ಓದಿಟ್ಟುಕೊಂಡು, ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವು ಕಳೆದ ಮೇಲೆ ಏರಿಸಿ, ಮೂರು ಮೋಟರುಗಳ ಹೆಜ್ಜೆಯನ್ನೂ ಒಂದೇ ತಾಳಕ್ಕೆ ಹೊಂದಿಸುತ್ತದೆ. 2011ರಲ್ಲಿ ಅಮೆರಿಕದ ಎಡ್ವರ್ಡ್ ಫೋರ್ಡ್ ‘ಶೇಪ್‌ಓಕೊ’ ಎಂಬ ಯಂತ್ರದ ವಿನ್ಯಾಸವನ್ನು ಮುಕ್ತವಾಗಿಟ್ಟ. ಕಾರ್ಖಾನೆಯವರ ವಿದ್ಯೆ ಹೀಗೆ ಒಂದೆರಡು ವರ್ಷಗಳಲ್ಲಿ ಸಾಮಾನ್ಯರ ಕೈಗೆ ಬಂತು. ಯಾರೋ ಬರೆದು ಬೀಗ ಹಾಕದೆ ಬಿಟ್ಟದ್ದರಿಂದ ಎಲ್ಲೋ ಇರುವ ನಮ್ಮ ಮನೆಯ ಮೇಜಿಗೆ ಒಂದು ಯಂತ್ರ ಬರುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಮೂಡುತ್ತದೆ.

ಇನ್ನು ಕಟ್ಟುವ ಕೆಲಸ. ಕಿಟ್ಟಿನ ಜೊತೆ ಬರುವ ಚಿತ್ರಗಳನ್ನು ನೋಡಿಕೊಂಡು ಬೋಲ್ಟು ಬಿಗಿಯುತ್ತಾ ಹೋದರೆ ಒಂದು ರಜಾದಿನದಲ್ಲಿ ಯಂತ್ರದ ಆಕಾರ ನಿಲ್ಲುತ್ತದೆ. ಆಕಾರ ನಿಂತಿದ್ದೇ ಯಂತ್ರ ಆಯಿತು ಎಂದುಕೊಳ್ಳುವುದರಲ್ಲೇ ಮುಂದಿನ ತೊಂದರೆಗಳೆಲ್ಲ ಅಡಗಿವೆ. ಚೌಕಟ್ಟು ಮೂಲೆಮಟ್ಟಕ್ಕೆ ಅರ್ಧ ಡಿಗ್ರಿ ಓರೆ ಕೂತರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 180 ಮಿ.ಮೀ. ದೂರ ಹೋಗುವಷ್ಟರಲ್ಲಿ ಅದು ಒಂದೂವರೆ ಮಿ.ಮೀ. ತಪ್ಪಾಗಿರುತ್ತದೆ. ಆ ಯಂತ್ರದಲ್ಲಿ ಚೌಕಾಕಾರದ ಪೆಟ್ಟಿಗೆಯ ನಾಲ್ಕು ಬದಿ ಕೊರೆದರೆ ಅವು ಒಂದಕ್ಕೊಂದು ಕೂಡುವುದಿಲ್ಲ. ಯಂತ್ರಕ್ಕಂತೂ ತಾನು ಚೌಕವನ್ನೇ ಕೊರೆದೆನೆಂಬ ಪೂರ್ಣ ನಂಬಿಕೆ.

ಇದಕ್ಕೆ ಮದ್ದು ನಮ್ಮ ಗಾರೆ ಮೇಸ್ತ್ರಿಗಳ ಹತ್ತಿರವೇ ಇದೆ. ಮನೆಯ ಪಾಯ ಗುರುತು ಹಾಕುವಾಗ ಅವರು ಹಗ್ಗದಲ್ಲಿ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು, ಓರೆಯ ಅಳತೆ ಐದಡಿಗೆ ಬಂತೇ ಎಂದು ನೋಡುತ್ತಾರೆ. ಬಂದರೆ ಮೂಲೆ ಸರಿ. 3018ರ ಜಾಗಕ್ಕೆ ಇದೇ ಲೆಕ್ಕ ಚೆನ್ನಾಗಿ ಹೊಂದುತ್ತದೆ. 180 ಮತ್ತು 240 ಮಿ.ಮೀ. ಬದಿಯ ಆಯತದ ನಾಲ್ಕು ಮೂಲೆಗಳಲ್ಲಿ ಚೂಪು ಬಿಟ್‌ನಿಂದ ಚುಕ್ಕೆ ಹೊಡೆಸಬೇಕು. ಎರಡು ಕರ್ಣಗಳೂ 300 ಮಿ.ಮೀ. ಇರಬೇಕು. ಒಂದು ಉದ್ದ, ಒಂದು ಗಿಡ್ಡ ಬಂದರೆ ಚೌಕಟ್ಟಿನ ಬೋಲ್ಟು ಸಡಿಲಿಸಿ, ಮೆಲ್ಲನೆ ತಳ್ಳಿ, ಮತ್ತೆ ಬಿಗಿದು, ಮತ್ತೆ ಚುಕ್ಕೆ. ಇಡೀ ಜೋಡಣೆಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದೇ. ಅವಸರಪಡುವವರು ಮೊದಲು ಬಿಟ್ಟುಬಿಡುವುದೂ ಇದನ್ನೇ.

ಬಿಗಿಯುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ತಿರುಪಿನ ಸರಳು ಮತ್ತು ಅದರ ಇಕ್ಕೆಲದ ನುಣುಪು ಸರಳುಗಳು ತೀರ ಸಮಾನಾಂತರವಾಗಿರಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲೇ ಬಿಗಿದರೆ ಸರಳುಗಳು ಬಿದ್ದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಸರಳುಗಳ ಮೇಲೆ ಜಾರುವ ಗಾಡಿ ನಡುವೆ ಸಲೀಸಾಗಿ ಓಡಿದರೂ ತುದಿಗೆ ಹೋದಾಗ ಬಿಗಿ ಹಿಡಿಯುತ್ತದೆ. ಆದ್ದರಿಂದ ಬೋಲ್ಟುಗಳನ್ನು ಬೆರಳ ಬಿಗಿಯಲ್ಲಿ ಬಿಟ್ಟು, ಗಾಡಿಯನ್ನು ಒಂದು ತುದಿಗೆ ತಂದು ಆ ಬದಿ ಬಿಗಿಯಬೇಕು, ಇನ್ನೊಂದು ತುದಿಗೆ ಒಯ್ದು ಆ ಬದಿ ಬಿಗಿಯಬೇಕು. ಆಮೇಲೆ ಮೋಟರಿಗೆ ವಿದ್ಯುತ್ ಕೊಡದೆ, ಕೈಯಿಂದಲೇ ತಿರುಪನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಬೇಕು. ಎಲ್ಲೂ ಭಾರ ಹೆಚ್ಚು ಕಡಿಮೆ ಆಗಬಾರದು. ಭಾರ ಹೆಚ್ಚಾದ ಜಾಗವೇ ಮುಂದೊಂದು ದಿನ ಹೆಜ್ಜೆ ತಪ್ಪುವ ಜಾಗ.

ಅಂಕಿಗಳು ಇಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತವೆ. ಮೋಟರಿನ 200 ಹೆಜ್ಜೆಗಳಲ್ಲಿ ಒಂದೊಂದನ್ನೂ ಚಾಲಕ ಚಿಪ್ 16 ಸಣ್ಣ ಹೆಜ್ಜೆಗಳಾಗಿ ಒಡೆಯುತ್ತದೆ. ಅಂದರೆ ಸುತ್ತಿಗೆ 3,200. ಒಂದು ಸುತ್ತಿಗೆ ತಿರುಪು ಗಾಡಿಯನ್ನು 4 ಮಿ.ಮೀ. ಮುಂದೂಡಿದರೆ, ಒಂದು ಮಿ.ಮೀ.ಗೆ 800 ಹೆಜ್ಜೆ. ಹೀಗಾಗಿ ಯಂತ್ರದ ನಿಖರತೆ ಮಿಲಿಮೀಟರಿನ ಎಂಟುನೂರನೇ ಒಂದು ಭಾಗ ಎಂದು ಮಾರುವವರು ಹೇಳಿಬಿಡಬಹುದು. ಅದು ಕಾಗದದ ಮೇಲಿನ ಮಾತು. ತಿರುಪಿಗೂ ಹಿತ್ತಾಳೆಯ ನಟ್ಟಿಗೂ ನಡುವೆ ಕೂದಲೆಳೆಯ ಸಡಿಲ ಇದ್ದೇ ಇರುತ್ತದೆ. ದಿಕ್ಕು ಬದಲಾದಾಗ ಮೊದಲ ಕೆಲವು ಹೆಜ್ಜೆಗಳು ಆ ಸಡಿಲವನ್ನು ತುಂಬುವುದರಲ್ಲೇ ಖರ್ಚಾಗುತ್ತವೆ, ಗಾಡಿ ಅಲುಗುವುದಿಲ್ಲ. ನಟ್ಟಿನೊಳಗೆ ಸ್ಪ್ರಿಂಗ್ ಇಟ್ಟು ಒತ್ತಡ ಕೊಡುವುದು ಇದಕ್ಕೇ. 100 ಮಿ.ಮೀ. ಹೋಗು ಎಂದಾಗ 99.5 ಬಂದರೆ ಹೊಸಬರು ಕೂಡಲೇ 800ನ್ನು 804 ಮಾಡಲು ಹೊರಡುತ್ತಾರೆ. ತಿರುಪಿನ ಬದಲು ಬೆಲ್ಟಿನಿಂದ ಚಲಿಸುವ ಯಂತ್ರವಾದರೆ ಆ ತಿದ್ದುಪಡಿಗೆ ಅರ್ಥವಿದೆ. ತಿರುಪಿನ ಯಂತ್ರವಾದರೆ ಮೊದಲು ಸಂಶಯಪಡಬೇಕಾದದ್ದು ನಟ್ಟಿನ ಸಡಿಲವನ್ನು, ಮೋಟರನ್ನು ತಿರುಪಿಗೆ ಜೋಡಿಸುವ ಕಪ್ಲಿಂಗಿನ ಸಡಿಲ ಸ್ಕ್ರೂವನ್ನು, ನಮ್ಮ ಅಳತೆಪಟ್ಟಿಯನ್ನು.

ವಿದ್ಯುತ್ತಿನ ಭಾಗದಲ್ಲಿ ಕಲಿಯಬೇಕಾದದ್ದು ಕಡಿಮೆ, ಆದರೆ ಕಡ್ಡಾಯ. ವಿದ್ಯುತ್ ಹರಿಯುತ್ತಿರುವಾಗ ಸ್ಟೆಪರ್ ಮೋಟರಿನ ತಂತಿ ಕೀಳಬಾರದು; ಚಾಲಕ ಚಿಪ್ ಸುಟ್ಟುಹೋಗಬಹುದು. ಬಿಟ್ಟನ್ನು ತಿರುಗಿಸುವ ಸ್ಪಿಂಡಲಿನ ಬ್ರಷ್ ಮೋಟರು ಹೊರಡಿಸುವ ವಿದ್ಯುತ್ ಗದ್ದಲ ಪಕ್ಕದ ತಂತಿಗಳಿಗೆ ಹರಡಿ, ಗಾಡಿ ತುದಿ ತಲುಪಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ಚನ್ನು ಯಾರೂ ಮುಟ್ಟದಿದ್ದರೂ ಒತ್ತಿದಂತೆ ಬೋರ್ಡಿಗೆ ಭ್ರಮೆ ಹುಟ್ಟಿಸುತ್ತದೆ. ಸ್ಪಿಂಡಲಿನ ತಂತಿಯನ್ನು ಉಳಿದವುಗಳಿಂದ ದೂರ ಒಯ್ಯುವುದು, ಗಿಡ್ಡ ಯುಎಸ್‌ಬಿ ತಂತಿ ಬಳಸುವುದು, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸುವುದು, ಇಷ್ಟು ಮಾಡಿದರೆ ಮುಕ್ಕಾಲು ಪಾಲು ಗೋಳು ತಪ್ಪುತ್ತದೆ.

ಕರೆಂಟು ಹೋಗುವ ನಮ್ಮ ಊರುಗಳಿಗೇ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಹಲವು ಬೋರ್ಡುಗಳಲ್ಲಿ ಲೆಕ್ಕ ಹಾಕುವ ಚಿಪ್‌ಗೆ ವಿದ್ಯುತ್ ಬರುವುದು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ, ಮೋಟರುಗಳಿಗೆ ಮಾತ್ರ ಗೋಡೆಯ ಪ್ಲಗ್ಗಿನಿಂದ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಮೋಟರುಗಳು ನಿಶ್ಚಲ. ಚಿಪ್ ಮಾತ್ರ ಏನೂ ಆಗಿಲ್ಲವೆಂಬಂತೆ ಹೆಜ್ಜೆ ಎಣಿಸುತ್ತಾ ಸಾಗುತ್ತದೆ. ಎರಡು ನಿಮಿಷ ಬಿಟ್ಟು ಕರೆಂಟು ಬಂದರೆ ಮೋಟರುಗಳು ನಿಂತಲ್ಲಿಂದಲೇ ಮುಂದಿನ ಸಾಲಿನ ಚಲನೆ ಆರಂಭಿಸಿ ಹಲಗೆಯನ್ನು ಅಡ್ಡಾದಿಡ್ಡಿ ಕೊರೆಯುತ್ತವೆ. ಕಣ್ಣಿಲ್ಲದಿರುವುದೆಂದರೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಂದರ್ಭ ಬೇರೊಂದಿಲ್ಲ. ಕರೆಂಟು ಹೋದ ಕೂಡಲೇ ಕೆಲಸ ನಿಲ್ಲಿಸುವ ಬಟನ್ ಒತ್ತಬೇಕು. ಮೂರೂ ದಿಕ್ಕಿಗೆ ಲಿಮಿಟ್ ಸ್ವಿಚ್ ಅಳವಡಿಸಿದ್ದರೆ ಯಂತ್ರ ಮೂಲೆಗೆ ಹೋಗಿ ಸ್ವಿಚ್ ತಟ್ಟಿ ತನ್ನ ಜಾಗವನ್ನು ಮತ್ತೆ ಗುರುತಿಸಿಕೊಳ್ಳುತ್ತದೆ, ಕೆಲಸ ಮುಂದುವರಿಸಬಹುದು. ಹೆಚ್ಚುವರಿ ಭಾಗಗಳಲ್ಲಿ ನಾನು ಮೊದಲು ಹಾಕಿ ಎನ್ನುವುದು ಈ ಸ್ವಿಚ್ಚುಗಳನ್ನೇ. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಚೌಕಟ್ಟು, ತಿರುಪು, ತಂತಿ ಎಲ್ಲ ಆದ ಮೇಲೆ ಬರುವ ಒಂದು ಕೆಲಸ ನನಗೆ ಬಲು ಇಷ್ಟ. ಯಂತ್ರದ ಹಾಸಿನ ಮೇಲೆ ಒಂದು ಎಂಡಿಎಫ್ ಹಲಗೆಯನ್ನು ಬಿಗಿದು, ಅದರ ಮೈಯನ್ನು ಯಂತ್ರದಿಂದಲೇ ಅರ್ಧ ಮಿ.ಮೀ.ನಷ್ಟು ಹೆರೆಸುವುದು. ಹಾಸು ಸ್ವಲ್ಪ ಓರೆಯಿದ್ದರೂ ಹೆರೆದ ಮೇಲೆ ಆ ಹಲಗೆ ಬಿಟ್ ಚಲಿಸುವ ಸಮತಲಕ್ಕೆ ಸಮಾನಾಂತರವಾಗುತ್ತದೆ. ಯಂತ್ರ ತನ್ನ ನೆಲವನ್ನು ತಾನೇ ಮಾಡಿಕೊಂಡಿತು. ಹೆರೆದ ಮೈಮೇಲೆ ಬೆರಳಾಡಿಸಿದಾಗ ಗದ್ದೆಯ ಸಾಲಿನಂತೆ ಏಣು ತಗುಲಿದರೆ ಸ್ಪಿಂಡಲ್ ನೆಟ್ಟಗೆ ನಿಂತಿಲ್ಲ ಎಂದರ್ಥ. ಅದರ ಫಲಕದ ಕೆಳಗೆ ತೆಳುವಾದ ತಗಡಿನ ಚೂರು ಇಟ್ಟು ತಿದ್ದಬೇಕು.

ಕೊರೆತಕ್ಕೆ ಬಂದರೆ, ಯಂತ್ರದ ಭಾಷೆ ಜಿ-ಕೋಡ್. ಜಿ0 ಎಂದರೆ ಖಾಲಿ ಓಟ, ಜಿ1 ಎಂದರೆ ಕೊರೆಯುತ್ತಾ ನೇರ ಸಾಗು, ಜಿ2 ಮತ್ತು ಜಿ3 ಎಂದರೆ ಬಾಗಿ ಸಾಗು, ಎಂ3 ಎಂದರೆ ಸ್ಪಿಂಡಲ್ ಚಾಲು. ಇದನ್ನೆಲ್ಲ ತಂತ್ರಾಂಶ ಬರೆದುಕೊಡುತ್ತದೆ. ವೇಗವನ್ನು ಮಾತ್ರ ನಾವು ಹೇಳಬೇಕು. ಲೆಕ್ಕ ಸರಳ. ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು, ಬಿಟ್‌ಗೆ ಎರಡು ಅಲಗು, ಒಂದೊಂದು ಅಲಗೂ ಪ್ರತಿ ಸುತ್ತಿಗೆ 0.03 ಮಿ.ಮೀ. ದಪ್ಪದ ಚಕ್ಕೆ ತೆಗೆಯಲಿ ಎಂದರೆ ನಿಮಿಷಕ್ಕೆ 600 ಮಿ.ಮೀ. ಸಾಗಬೇಕು. ಹೊಸಬರು ಹೆದರಿ ವೇಗ ತೀರ ಕಡಿಮೆ ಮಾಡುತ್ತಾರೆ. ಆಗ ಅಲಗು ಮರವನ್ನು ಕತ್ತರಿಸದೆ ಉಜ್ಜುತ್ತದೆ, ಬಿಟ್ ಕಾಯುತ್ತದೆ, ಮರ ಕರಕಲಾಗುತ್ತದೆ. ಸಾಗುವ ವೇಗ ಇಳಿಸುವುದಕ್ಕಿಂತ ಒಂದು ಸಲಕ್ಕೆ ಇಳಿಯುವ ಆಳವನ್ನು ಕಡಿಮೆ ಮಾಡುವುದು ಹಗುರ ಯಂತ್ರಗಳಿಗೆ ಒಳ್ಳೆಯದು. ಬಿಟ್ಟನ್ನು, ಅದನ್ನು ಹಿಡಿದಿಡುವ ಕಾಲೆಟ್‌ನಿಂದ ಎಷ್ಟು ಕಡಿಮೆ ಹೊರಚಾಚಿಸಿದರೆ ಅಷ್ಟು ಕ್ಷೇಮ: ಚಾಚಿದ ಉದ್ದ ಇಮ್ಮಡಿಯಾದರೆ ಅದು ಬಾಗುವುದು ಎಂಟು ಪಟ್ಟಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಬೇಕು.

ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮುಖಗವಸು, ಕಿವಿಗೆ ಮುಚ್ಚಳ ಇಲ್ಲದೆ ಯಂತ್ರದ ಹತ್ತಿರ ಹೋಗಬಾರದು. ಮರದ ದೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ವರ್ಗೀಕರಿಸಿದೆ. ಎಂಡಿಎಫ್‌ನ ದೂಳಿನಲ್ಲಿ ಅದರ ಜೊತೆ ಅಂಟಿನ ಫಾರ್ಮಾಲ್ಡಿಹೈಡ್ ಕೂಡ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಯಂತ್ರಕ್ಕೊಂದು ಮುಚ್ಚಿದ ಪೆಟ್ಟಿಗೆಯನ್ನೂ ವ್ಯಾಕ್ಯೂಮ್ ಕೊಳವೆಯನ್ನೂ ಮೊದಲೇ ಮಾಡಿಕೊಳ್ಳುವುದು ಧರ್ಮ. ಕೈಗವಸು ಮಾತ್ರ ಹಾಕಬಾರದು. ತಿರುಗುವ ಬಿಟ್ ಬಟ್ಟೆಯನ್ನು ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಓಡುವ ಯಂತ್ರವನ್ನು ಬಿಟ್ಟು ಊಟಕ್ಕೆ ಹೋಗುವುದೂ ಬೇಡ. ಹೆಜ್ಜೆ ತಪ್ಪಿ ಒಂದೇ ಕಡೆ ಉಜ್ಜುತ್ತಾ ನಿಂತ ಬಿಟ್‌ನಿಂದ ಮರಕ್ಕೆ ಬೆಂಕಿ ಹತ್ತಬಹುದು. ಯಂತ್ರ ನೋಡದಿರುವುದರಿಂದಲೇ ನಾವು ನೋಡುತ್ತಾ ಕೂರಬೇಕು.

ಕನ್ನಡಿಗರು ಈ ಯಂತ್ರದಲ್ಲಿ ಮೊದಲು ಮಾಡಬಯಸುವುದು ಮನೆಯ ಹೆಸರಿನ ಫಲಕ. ನಮ್ಮ ಲಿಪಿ ಕೆತ್ತನೆಗೆ ಹೇಳಿ ಮಾಡಿಸಿದ್ದು. ಗುಂಡು ಗುಂಡಾದ ತಿರುವುಗಳಲ್ಲಿ ಬಿಟ್ ನಿಲ್ಲದೆ ಹರಿಯುತ್ತದೆ. ತೊಡಕು ಬರುವುದು ಅದಕ್ಕೂ ಮೊದಲು, ಕಂಪ್ಯೂಟರಿನಲ್ಲಿ. ಕೆತ್ತನೆಯ ಕೆಲವು ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡವನ್ನು ಜೋಡಿಸಲು ಬರುವುದಿಲ್ಲ. ‘ಲಕ್ಷ್ಮೀ’ ಎಂದು ಬರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಪದ ಬರೆದು, ಅಲ್ಲೇ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಒಯ್ದರೆ ಈ ತೊಂದರೆ ಇಲ್ಲ. ಅಕ್ಷರ ಆಗ ಅಕ್ಷರವಾಗಿ ಉಳಿದಿರುವುದಿಲ್ಲ, ಬರೀ ಆಕಾರ. ಒಡೆಯಲು ಏನೂ ಇಲ್ಲ.

ಆಮೇಲಿನ ಪರೀಕ್ಷೆ ಮರದ್ದು. ವಿ ಆಕಾರದ ಬಿಟ್‌ನಲ್ಲಿ ಗೆರೆಯ ಅಗಲವನ್ನು ನಿರ್ಧರಿಸುವುದು ಆಳ. 60 ಡಿಗ್ರಿ ಬಿಟ್ಟಿನಿಂದ 10 ಮಿ.ಮೀ. ಅಗಲದ ಗೆರೆ ಬೇಕಾದರೆ ಸುಮಾರು 8.7 ಮಿ.ಮೀ. ಆಳಕ್ಕೆ ಇಳಿಯಬೇಕು; 90 ಡಿಗ್ರಿಯದಾದರೆ 5 ಮಿ.ಮೀ. ಸಾಕು. ಹಲಗೆ ಒಂದು ಬದಿಯಲ್ಲಿ ಅರ್ಧ ಮಿ.ಮೀ. ತಗ್ಗಿದ್ದರೆ 60 ಡಿಗ್ರಿ ಬಿಟ್‌ನಲ್ಲಿ ಗೆರೆ ಅಲ್ಲಿ ಅರ್ಧ ಮಿ.ಮೀ.ಗಿಂತ ಹೆಚ್ಚು ಸಣಕಲಾಗುತ್ತದೆ. ಹೆಸರಿನ ಆರಂಭದಲ್ಲಿ ತುಂಬಿಕೊಂಡ ಅಕ್ಷರಗಳು ಕೊನೆಗೆ ಹೋಗುವಷ್ಟರಲ್ಲಿ ಸೊರಗಿ, ತೆಳು ಒತ್ತುಗಳಂತೂ ಮಾಯವಾಗುತ್ತವೆ. ಹಲಗೆ ಬಾಗಿದ್ದು ಯಂತ್ರಕ್ಕೆ ತಿಳಿಯದು. ಆದ್ದರಿಂದ ನಾಮಫಲಕದ ಹಲಗೆಯನ್ನೂ ಕೆತ್ತುವ ಮೊದಲು ಯಂತ್ರದಿಂದಲೇ ಹೆರೆಸಿ ಸಮ ಮಾಡಿಕೊಳ್ಳಬೇಕು. ಹೆರೆದ ಮೇಲೆ ಬಿಚ್ಚದೆ ಅಲ್ಲೇ ಕೆತ್ತಬೇಕು.

ಅಕ್ಷರಗಳ ಒಳಗಿನ ಪುಟ್ಟ ದ್ವೀಪಗಳ ಬಗ್ಗೆಯೂ ಎಚ್ಚರ ಬೇಕು. ಸೊನ್ನೆಯ ಒಳಗೆ, ‘ಠ’ದ ನಡುವೆ ಉಳಿಯುವ ಮರದ ತುಣುಕು ಚಿಕ್ಕದಾದರೆ ಎಳೆಯ ಗುಂಟ ಸೀಳಿ ಹಾರಿಹೋಗುತ್ತದೆ. ಅಕ್ಷರದ ಎತ್ತರ ಹೆಚ್ಚಿಸುವುದು, ದಪ್ಪ ಕಡಿಮೆ ಇರುವ ಫಾಂಟ್ ಆರಿಸುವುದು, ಎಳೆ ಒತ್ತಾಗಿರುವ ಮರ ಹಿಡಿಯುವುದು, ಈ ಮೂರರಿಂದ ಅದನ್ನು ಉಳಿಸಿಕೊಳ್ಳಬಹುದು. ಚೆನ್ನಾಗಿ ಒಣಗಿದ ಹಲಸಿನ ಹಲಗೆ ನನ್ನ ಆಯ್ಕೆ. ಕತ್ತರಿಸಲು ಸುಲಭ, ಹಳದಿ ಬಣ್ಣ ಬಿಸಿಲಿಗೆ ಕಾಲಕ್ರಮೇಣ ಕಂದಾಗುತ್ತದೆ. ಅದೇ ಕಡತವನ್ನು ಮೊದಲು ಒಂದು ಎಂಡಿಎಫ್ ಚೂರಿನ ಮೇಲೆ ಓಡಿಸಿ, ಕ್ಯಾಲಿಪರ್ ಹಿಡಿದು ಮೊದಲ ಅಕ್ಷರದ ಗೆರೆಯನ್ನೂ ಕೊನೆಯ ಅಕ್ಷರದ ಗೆರೆಯನ್ನೂ ಅಳೆಯಿರಿ. ಎರಡೂ ಒಂದೇ ಅಗಲ ಬಂದರೆ ಹಲಸನ್ನು ಬಿಗಿಯಬಹುದು.